ಶೋಕಕ್ಕೆ ಎಷ್ಟು ದಿನ?

ಮಹಾಭಾರತದ ಶಾಂತಿಪರ್ವದಲ್ಲಿ ಒಂದು ಸ್ಮಶಾನದ ಕಥೆ ಬರುತ್ತದೆ. ಬ್ರಾಹ್ಮಣನೊಬ್ಬನ ಎಳೆಯ ಮಗ ತೀರಿಕೊಂಡಿದ್ದಾನೆ. ಬಂಧುಗಳು ಅವನನ್ನು ಎತ್ತಿಕೊಂಡು ಸ್ಮಶಾನಕ್ಕೆ ಬಂದಿದ್ದಾರೆ, ನೆಲದ ಮೇಲೆ ಮಲಗಿಸಿದ್ದಾರೆ, ಬಿಟ್ಟು ಹೊರಡಲು ಕಾಲು ಬಾರದೆ ಸುತ್ತ ಕೂತು ಅಳುತ್ತಿದ್ದಾರೆ. ಅಳು ಕೇಳಿ ರಣಹದ್ದೊಂದು ಬರುತ್ತದೆ. ಹುಟ್ಟಿದವರೆಲ್ಲ ಸಾಯಲೇಬೇಕು, ಸತ್ತವರು ಎದ್ದು ಬಂದದ್ದಿಲ್ಲ, ಹೊತ್ತು ಮುಳುಗುವ ಮೊದಲು ಮನೆ ಸೇರಿಕೊಳ್ಳಿ ಎಂದು ಬುದ್ಧಿ ಹೇಳುತ್ತದೆ. ಮಾತು ಸರಿ ಎನಿಸಿ ಅವರು ಎದ್ದು ನಡೆಯುತ್ತಾರೆ. ಅಷ್ಟರಲ್ಲಿ ಬಿಲದಿಂದ ನರಿ ಹೊರಗೆ ಬರುತ್ತದೆ. ಇನ್ನೂ ಬಿಸಿಲಿದೆ, ಇಷ್ಟು ಬೇಗ ಕರುಳು ಕಲ್ಲಾಯಿತೆ, ಪ್ರಾಣಿಪಕ್ಷಿಗಳಿಗೂ ತಮ್ಮ ಮರಿಗಳ ಮೇಲೆ ಇದಕ್ಕಿಂತ ಹೆಚ್ಚು ಪ್ರೀತಿ ಇದೆ, ಸ್ವಲ್ಪ ಕಾಯಿರಿ ಎನ್ನುತ್ತದೆ. ಅದೂ ಸರಿ ಎನಿಸುತ್ತದೆ. ಅವರು ಮರಳಿ ಬಂದು ಕೂರುತ್ತಾರೆ. ಹದ್ದು ಮತ್ತೆ ಎಬ್ಬಿಸುತ್ತದೆ, ನರಿ ಮತ್ತೆ ಕೂರಿಸುತ್ತದೆ.

ಹದ್ದಿಗೆ ಹಗಲಷ್ಟೇ ಆಹಾರದ ಹೊತ್ತು. ಬೆಳಕಿರುವಾಗಲೇ ಜನ ಹೊರಟುಹೋದರೆ ಹೆಣ ಅದರ ಪಾಲು. ನರಿಯ ಹೊತ್ತು ರಾತ್ರಿ. ಕತ್ತಲಾಗುವ ತನಕ ಜನ ಕಾವಲಿದ್ದರೆ ಹೆಣ ನರಿಯದು. ಎರಡರದ್ದೂ ಹಸಿವು. ಆದರೆ ಎರಡರ ಬಾಯಲ್ಲೂ ಬರುವುದು ಶಾಸ್ತ್ರದ ಮಾತು, ಕರುಣೆಯ ಮಾತು.

ಗೃಧ್ರ–ಜಂಬುಕ ಸಂವಾದ ಎಂದು ಹೆಸರಾದ ಈ ಕಥೆಯಲ್ಲಿ ಹದ್ದು ಸುಳ್ಳು ಹೇಳುವುದಿಲ್ಲ, ನರಿಯೂ ಹೇಳುವುದಿಲ್ಲ. ಸಾವು ಎಲ್ಲರಿಗೂ ಬರುತ್ತದೆ ಎಂಬುದು ನಿಜ. ಪ್ರೀತಿಸಿದವರನ್ನು ಅವಸರದಲ್ಲಿ ಬಿಟ್ಟು ನಡೆಯಬಾರದು ಎಂಬುದೂ ನಿಜ. ಇಂದಿಗೂ ಸಾವಿನ ಮನೆಗೆ ಮಾತಾಡಿಸಲು ಹೋದವರು ಈ ಎರಡರಲ್ಲೊಂದನ್ನೇ ಹೇಳಿ ಬರುತ್ತಾರೆ. "ಎಷ್ಟು ದಿನ ಅಂತ ಹೀಗೆ ಕೂತಿರ್ತೀಯ, ಏಳು" ಎನ್ನುವವರು ಒಂದು ಕಡೆ. "ಗಂಡ ಹೋಗಿ ಇನ್ನೂ ತಿಂಗಳಾಗಿಲ್ಲ, ಆಗಲೇ ನಗ್ತಿದ್ದಾಳೆ" ಎನ್ನುವವರು ಇನ್ನೊಂದು ಕಡೆ. ದುಃಖದಲ್ಲಿರುವವರು ಹದ್ದಿಗೂ ನರಿಗೂ ನಡುವೆ ಎದ್ದು ಕೂತು ಎದ್ದು ಕೂತು ಸುಸ್ತಾಗುತ್ತಾರೆ. ಸಮಾಜ ಮನುಷ್ಯನ ಭಾವನೆಗಳ ಮೇಲೆ ಹೇರುವ ಬೇಡಿಕೆಗಳು ನೂರಾರು ಇರಬಹುದು. ಶೋಕದ ವಿಷಯದಲ್ಲಿ ಅವು ತೆರೆದು ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ, ಏಕೆಂದರೆ ಇಲ್ಲಿ ಬೇಡಿಕೆಗೆ ದಿನಗಳ ಲೆಕ್ಕವೇ ಇದೆ. ಆ ಲೆಕ್ಕವನ್ನು ಯಾರು ಹಾಕುತ್ತಾರೆ, ಯಾರ ಅಗತ್ಯಕ್ಕಾಗಿ ಹಾಕುತ್ತಾರೆ ಎಂದು ಕೇಳಬೇಕು.

ಕಥೆಯ ಕೊನೆಗೆ ಶಂಕರನೇ ಬಂದು ಮಗುವಿಗೆ ನೂರು ವರ್ಷದ ಆಯುಸ್ಸು ಕೊಡುತ್ತಾನೆ. ಆದರೆ ಭೀಷ್ಮನ ಬಾಯಿಂದ ಈ ಕಥೆ ಕೇಳುತ್ತಿದ್ದವನಿಗೆ ಅಂಥ ವರ ಸಿಗಲಿಲ್ಲ. ಕೇಳುತ್ತಿದ್ದವನು ಯುಧಿಷ್ಠಿರ. ಯುದ್ಧ ಮುಗಿದ ಮೇಲೆ ಕರ್ಣ ತನ್ನ ಒಡಹುಟ್ಟಿದವನೆಂದು ತಿಳಿದು, ರಾಜ್ಯವೇ ಬೇಡ, ಕಾಡಿಗೆ ಹೋಗುತ್ತೇನೆ ಎಂದು ಕುಸಿದವನು. ಭೀಮ, ಅರ್ಜುನ, ದ್ರೌಪದಿ, ವ್ಯಾಸ, ಕೃಷ್ಣ ಎಲ್ಲರೂ ಅವನನ್ನು ಸುತ್ತುವರಿದು ವಾದಿಸುತ್ತಾರೆ. ಅಳುವ ಅರಸನಿಂದ ರಾಜ್ಯ ನಡೆಯದು ಎಂಬುದು ಅವರ ಚಿಂತೆ, ನ್ಯಾಯವಾದ ಚಿಂತೆಯೇ. ಆಮೇಲೆ ಶರಶಯ್ಯೆಯಲ್ಲಿದ್ದ ಭೀಷ್ಮ ಶಾಂತಿಪರ್ವ, ಅನುಶಾಸನಪರ್ವಗಳ ಉದ್ದಕ್ಕೂ ಅವನಿಗೆ ರಾಜಧರ್ಮ, ಆಪದ್ಧರ್ಮ, ಮೋಕ್ಷಧರ್ಮ ಎಲ್ಲವನ್ನೂ ಹೇಳಿ ಮುಗಿಸುತ್ತಾನೆ. ಜಗತ್ತಿನ ಸಾಹಿತ್ಯದಲ್ಲಿ ಒಬ್ಬ ದುಃಖಿಗೆ ಹೇಳಿದ ಇಷ್ಟು ಉದ್ದದ ಸಮಾಧಾನ ಮತ್ತೊಂದಿರಲಾರದು. ಮುಂದಿನ ಅಶ್ವಮೇಧಿಕ ಪರ್ವ ತೆರೆಯುವುದು ಹೇಗೆ? ಭೀಷ್ಮನಿಗೆ ತರ್ಪಣ ಬಿಟ್ಟು ಗಂಗೆಯಿಂದ ಮೇಲೆ ಬರುತ್ತಿದ್ದ ಯುಧಿಷ್ಠಿರ ದಡದಲ್ಲೇ ಕುಸಿದು ಬೀಳುತ್ತಾನೆ. ನಾವು ಹೇಳಿದ್ದೆಲ್ಲ ಗಾಳಿಗೆ ಹೋಯಿತೆ ಎಂಬ ಅರ್ಥದಲ್ಲಿ ವ್ಯಾಸರು ಬೇಸರಪಡುತ್ತಾರೆ.

ವ್ಯಾಸರ ಬೇಸರವನ್ನು ಬರೆದಿಟ್ಟ ಅದೇ ಗ್ರಂಥ ಯುಧಿಷ್ಠಿರನ ಬೀಳುವಿಕೆಯನ್ನೂ ಬರೆದಿಟ್ಟಿದೆ. ಅವನನ್ನು ಸ್ಥಿತಪ್ರಜ್ಞನಾಗಿಸಿ ಕಥೆ ಮುಗಿಸುವುದು ಸುಲಭವಿತ್ತು. ಮಹಾಭಾರತ ಹಾಗೆ ಮಾಡಲಿಲ್ಲ ಎಂಬುದೇ ಅದರ ದೊಡ್ಡತನ.

ರೋಮ್‌ನಲ್ಲಿಯೂ ಇಂಥದ್ದೇ ಒಂದು ಘಟನೆ ನಡೆಯಿತು, ಅದು ಪತ್ರಗಳಲ್ಲಿ ಉಳಿದುಬಂದಿದೆ. ಕ್ರಿಸ್ತಪೂರ್ವ 45ರ ಫೆಬ್ರವರಿಯಲ್ಲಿ ವಾಗ್ಮಿ ಸಿಸೆರೊನ ಮಗಳು ಟುಲ್ಲಿಯಾ ಹೆರಿಗೆಯಾದ ಕೆಲವೇ ವಾರಗಳಲ್ಲಿ ತೀರಿಕೊಂಡಳು. ಅವಳಿಗೆ ಮೂವತ್ತರ ಆಸುಪಾಸು, ತಂದೆಗೆ ಅರವತ್ತು ದಾಟಿತ್ತು. ಸಿಸೆರೊ ಗೆಳೆಯ ಅಟಿಕಸ್‌ನ ಮನೆಗೆ ಹೋಗಿ, ಶೋಕದ ಬಗ್ಗೆ ಅಲ್ಲಿ ಇದ್ದ ಪುಸ್ತಕಗಳನ್ನೆಲ್ಲ ಓದಿದ. ಫಲವಾಗಲಿಲ್ಲ. ಸಮುದ್ರತೀರದ ಆಸ್ಟುರಾ ಎಂಬಲ್ಲಿದ್ದ ತನ್ನ ಮನೆಗೆ ಹೋದ. ಬೆಳಿಗ್ಗೆ ದಟ್ಟ ಕಾಡು ಹೊಕ್ಕರೆ ಸಂಜೆಯ ತನಕ ಹೊರಗೆ ಬರುವುದಿಲ್ಲ ಎಂದು ಅಲ್ಲಿಂದ ಅಟಿಕಸ್‌ಗೆ ಬರೆದ. ತನ್ನನ್ನು ತಾನೇ ಸಂತೈಸಿಕೊಳ್ಳಲು ಒಂದು ಗ್ರಂಥ ಬರೆದ. ಅದು ಈಗ ಉಳಿದಿಲ್ಲ. ಮಗಳಿಗೊಂದು ಗುಡಿ ಕಟ್ಟಿಸಬೇಕೆಂದು ಜಾಗ ಹುಡುಕಿದ, ಅದೂ ಕೈಗೂಡಲಿಲ್ಲ.

ರೋಮ್‌ನ ಗಣ್ಯರಿಗೆ ಇದು ಸರಿಕಾಣಲಿಲ್ಲ. ಗಂಡಸು, ಅದರಲ್ಲೂ ಮಾಜಿ ಕಾನ್ಸಲ್, ಹೆಣ್ಣುಮಗಳಿಗಾಗಿ ಇಷ್ಟು ದಿನ ಮರೆಯಾಗಿ ಕೂರುವುದೆ? ಆಗ ಗ್ರೀಸ್‌ನಲ್ಲಿ ರಾಜ್ಯಪಾಲನಾಗಿದ್ದ ಸುಲ್ಪಿಸಿಯಸ್ ಎಂಬ ಮಿತ್ರ ಬರೆದ ಸಾಂತ್ವನದ ಪತ್ರ ಇಂದಿಗೂ ಪ್ರಸಿದ್ಧ. ಹಡಗಿನಲ್ಲಿ ಬರುವಾಗ ಏಜಿನಾ, ಮೆಗಾರಾ, ಪಿರೇಯಸ್, ಕೊರಿಂಥ್ ನಗರಗಳು ಪಾಳುಬಿದ್ದದ್ದು ಕಂಡೆ, ನಗರಗಳೇ ಹೀಗೆ ಸತ್ತು ಬಿದ್ದಿರುವಾಗ ಒಬ್ಬ ಹೆಣ್ಣಿನ ಪ್ರಾಣಕ್ಕೆ ಇಷ್ಟೊಂದು ಕಲಕುವುದೇಕೆ ಎಂಬುದು ಅದರ ಒಂದು ವಾದ. ಉದಾತ್ತ ಮಾತು, ನಿಜವೇ. ಆದರೆ ಅದೇ ಪತ್ರದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ: ನೀನು ಮಗಳಿಗಾಗಿ ಅಳುತ್ತಿಲ್ಲ, ದೇಶದ ಸ್ಥಿತಿಗಾಗಿ, ಗೆದ್ದವರ ಗೆಲುವಿಗಾಗಿ ಅಳುತ್ತಿದ್ದೀಯೆ ಎಂದು ಯಾರೂ ಭಾವಿಸುವಂತಾಗಬಾರದು. ಗೆದ್ದವನು ಜೂಲಿಯಸ್ ಸೀಸರ್. ಒಬ್ಬ ತಂದೆಯ ಕಣ್ಣೀರು ರಾಜಕೀಯ ಹೇಳಿಕೆಯಾಗಿ ಓದಿಸಿಕೊಳ್ಳುವ ಕಾಲ ಅದು.

ಸಿಸೆರೊ ಕೊಟ್ಟ ಉತ್ತರದಲ್ಲಿ ಕೋಪವಿಲ್ಲ. ಹಿಂದೆ ಮಕ್ಕಳನ್ನು ಕಳೆದುಕೊಂಡು ಧೈರ್ಯದಿಂದ ನಿಂತ ರೋಮನ್ನರಿಗೆ ಸಾರ್ವಜನಿಕ ಬದುಕಿನ ಗೌರವ ಆಸರೆಯಾಗಿತ್ತು. ತನಗೆ ಆ ಬದುಕೂ ಹೋಯಿತು. ಮೊದಲು ರಾಜಕೀಯದ ನೋವಿಗೆ ಮನೆಯಲ್ಲಿ ಮಗಳಿದ್ದಳು, ಮನೆಯ ನೋವಿಗೆ ಹೊರಗಿನ ಕೆಲಸವಿತ್ತು; ಈಗ ಎರಡೂ ಇಲ್ಲ ಎನ್ನುತ್ತಾನೆ. ಇನ್ನೊಂದು ಪತ್ರದಲ್ಲಿ, ನನ್ನನ್ನು ಟೀಕಿಸುವ ಆ ಸುಖಿಗಳು ನಾನು ಈ ದಿನಗಳಲ್ಲಿ ಬರೆದಷ್ಟನ್ನು ಓದಲೂ ಆರರು ಎಂದು ಅಟಿಕಸ್‌ಗೆ ಹೇಳಿಕೊಳ್ಳುತ್ತಾನೆ. ಆ ವರ್ಷ ಅವನು ನಿಜವಾಗಿಯೂ ಬರೆದ. ಸಾವು, ನೋವು, ದುಃಖಗಳನ್ನು ಕುರಿತ 'ಟಸ್ಕುಲನ್ ಸಂವಾದಗಳು' ಆರಂಭವಾದದ್ದು ಆ ಕಾಲದಲ್ಲೇ. ಊರು ಕೊಡದ ಸಮಯವನ್ನು ಅವನು ಕಾಡಿನಲ್ಲಿ ಕಸಿದುಕೊಂಡ.

ರೋಮ್ ಅಳಬೇಡ ಎಂದರೆ ಚೀನಾ ಅಳಲೇಬೇಕು ಎಂದಿತು. ತಂದೆತಾಯಿ ತೀರಿಕೊಂಡರೆ ಮೂರನೆಯ ವರ್ಷಕ್ಕೆ ಕಾಲಿಡುವ ತನಕ, ಆಚರಣೆಯಲ್ಲಿ 27 ತಿಂಗಳು, ಶೋಕ. ಸರ್ಕಾರಿ ಅಧಿಕಾರಿಯಾದರೆ ಹುದ್ದೆ ಬಿಟ್ಟು ಊರಿಗೆ ಹೋಗಬೇಕು. 1577ರಲ್ಲಿ ಮಿಂಗ್ ಸಾಮ್ರಾಜ್ಯದ ಅತ್ಯಂತ ಪ್ರಬಲ ಮಂತ್ರಿ ಜಾಂಗ್ ಜುಜೆಂಗ್‌ನ ತಂದೆ ತೀರಿಕೊಂಡರು. ಹದಿಹರೆಯದ ವಾನ್‌ಲಿ ಚಕ್ರವರ್ತಿಗೆ ಅವನಿಲ್ಲದೆ ಆಡಳಿತ ನಡೆಯದು. ಹುದ್ದೆಯಲ್ಲೇ ಉಳಿಯಲು ಆಜ್ಞೆಯಾಯಿತು. ತಂದೆಗೆ ಶೋಕಿಸದವನು ರಾಜ್ಯಕ್ಕೆ ನಿಷ್ಠನಾಗಿರುವುದು ಹೇಗೆ ಎಂದು ಕೆಲವು ಅಧಿಕಾರಿಗಳು ಬಹಿರಂಗವಾಗಿ ವಿರೋಧಿಸಿದರು. ಅವರನ್ನು ಅರಮನೆಯ ಅಂಗಳದಲ್ಲಿ ಕೋಲುಗಳಿಂದ ಹೊಡೆಸಿ ಹೊರಗಟ್ಟಲಾಯಿತು. ಒಂದು ಕಡೆ ಮನೆಗೆ ಹೋಗು ಎನ್ನುವ ನೀತಿ, ಇನ್ನೊಂದು ಕಡೆ ಹೋಗಬೇಡ ಎನ್ನುವ ಆಡಳಿತ. ಈ ಹಗ್ಗಜಗ್ಗಾಟದಲ್ಲಿ ಜಾಂಗ್‌ನ ಎದೆಯೊಳಗೆ ಏನಿತ್ತು ಎಂಬುದು ಯಾರ ಪ್ರಶ್ನೆಯೂ ಆಗಿರಲಿಲ್ಲ.

ಈ ಮೂರು ವರ್ಷದ ಲೆಕ್ಕವನ್ನು ಎತ್ತಿ ಹಿಡಿದವನು ಕನ್‌ಫ್ಯೂಷಿಯಸ್. ಹಳೆಯ ಧಾನ್ಯ ಮುಗಿದು ಹೊಸದು ಬರಲು ಒಂದು ವರ್ಷ ಸಾಕಾಗುತ್ತದಲ್ಲ, ಶೋಕಕ್ಕೂ ಒಂದೇ ವರ್ಷ ಸಾಲದೆ ಎಂದು ಶಿಷ್ಯನೊಬ್ಬ ಅವನನ್ನು ಕೇಳುತ್ತಾನೆ. ಅಷ್ಟರಲ್ಲೇ ಒಳ್ಳೆಯ ಅನ್ನ ಉಂಡು ರೇಷ್ಮೆ ಉಟ್ಟರೆ ನಿನಗೆ ಮನಸ್ಸಿಗೆ ಹಿತವೆನಿಸುತ್ತದೆಯೆ ಎಂಬುದು ಗುರುವಿನ ಮರುಪ್ರಶ್ನೆ. ಹಿತವೆನಿಸುತ್ತದೆ ಎಂದಾಗ, ಹಾಗಾದರೆ ಹಾಗೇ ಮಾಡು ಎನ್ನುತ್ತಾನೆ. ಶಿಷ್ಯ ಹೋದ ಮೇಲೆ ಮಾತ್ರ, ಮಗು ತಂದೆತಾಯಿಯ ತೋಳು ಬಿಟ್ಟು ಇಳಿಯಲು ಮೂರು ವರ್ಷ ಬೇಕಲ್ಲವೆ ಎಂದು ನೊಂದು ನುಡಿಯುತ್ತಾನೆ. ಗಮನಿಸಬೇಕಾದದ್ದು, ಅವನು ಆ ಶಿಷ್ಯನನ್ನು ಬಲವಂತವಾಗಿ ಕೂರಿಸಲಿಲ್ಲ. ನಂತರ ಬಂದ ಸಾಮ್ರಾಜ್ಯಗಳು ಆ ನೋವಿನ ಮಾತನ್ನು ಕಾನೂನಾಗಿ ಮಾಡಿಕೊಂಡವು.

ಅದೇ ಕನ್‌ಫ್ಯೂಷಿಯಸ್ ತನ್ನ ಅತಿ ಪ್ರೀತಿಯ ಶಿಷ್ಯ ಯಾನ್ ಹ್ವೇ ಸತ್ತಾಗ ಅಳತೆ ಮೀರಿ ಅತ್ತ. ಜೊತೆಗಿದ್ದವರೇ, ಗುರುಗಳೇ, ಇದು ಮಿತಿ ದಾಟಿತು ಎಂದರು. ದಾಟಿತೆ, ಇವನಿಗಾಗಿ ಅಲ್ಲದಿದ್ದರೆ ಇನ್ನಾರಿಗಾಗಿ ದಾಟಬೇಕು ಎಂಬ ಅರ್ಥದ ಉತ್ತರ ಬಂತು. ಎಲ್ಲಕ್ಕೂ ಮಿತಿ ಕಲಿಸಿದವನ ಮಾತು ಇದು.

ಅರೇಬಿಯಾದಲ್ಲೂ ಇದಕ್ಕೆ ಸಮನಾದ ಒಂದು ಗಳಿಗೆ ಇದೆ. ಹದೀಸ್‌ಗಳು ದಾಖಲಿಸುವಂತೆ, ಪ್ರವಾದಿ ಮುಹಮ್ಮದರ ಪುಟ್ಟ ಮಗ ಇಬ್ರಾಹೀಮ್ ಎರಡು ವರ್ಷ ತುಂಬುವ ಮೊದಲೇ ಪ್ರಾಣ ಬಿಡುತ್ತಿದ್ದಾಗ ಅವರ ಕಣ್ಣಲ್ಲಿ ನೀರು ಬಂತು. ಎದೆ ಬಡಿದು ಗೋಳಾಡುವುದನ್ನು, ಬಟ್ಟೆ ಹರಿದುಕೊಳ್ಳುವುದನ್ನು ತಡೆದವರು ಅವರೇ. ಹಾಗಾಗಿ ಅಬ್ದುರ್ರಹ್ಮಾನ್ ಇಬ್ನ್ ಔಫ್, ನೀವೂ ಅಳುತ್ತೀರಾ ಎಂದು ಆಶ್ಚರ್ಯಪಟ್ಟರು. ಇದು ದಯೆ ಎಂದು ಪ್ರವಾದಿ ಉತ್ತರಿಸಿದರು. ಅದೇ ದಿನ ಸೂರ್ಯಗ್ರಹಣವಾಯಿತು. ಇಬ್ರಾಹೀಮನಿಗಾಗಿ ಸೂರ್ಯನೇ ಕಪ್ಪಾದ ಎಂದು ಜನ ಮಾತಾಡಿಕೊಂಡಾಗ, ಯಾರ ಸಾವಿಗೂ ಗ್ರಹಣ ಹಿಡಿಯುವುದಿಲ್ಲ ಎಂದು ತಿದ್ದಿದರು. ತನ್ನ ದುಃಖವನ್ನು ಮುಚ್ಚಿಡಲೂ ಇಲ್ಲ, ಆಕಾಶದ ತನಕ ಏರಿಸಲೂ ಇಲ್ಲ.

ಸಂತ ಅಗಸ್ಟೀನನ ಕಥೆ ಬೇರೆ. ಅವನು ಮುಚ್ಚಿಟ್ಟ. 387ರಲ್ಲಿ ಇಟಲಿಯ ಓಸ್ಟಿಯಾ ಬಂದರಿನಲ್ಲಿ ತಾಯಿ ಮೋನಿಕಾ ತೀರಿಕೊಂಡಾಗ ಅವನಿಗೆ 33ನೆಯ ವರ್ಷ ನಡೆಯುತ್ತಿತ್ತು. ಅವನ ಮಗ, ಹುಡುಗ ಅಡಿಯೊಡೇಟಸ್, ಜೋರಾಗಿ ಅತ್ತುಬಿಟ್ಟ; ದೊಡ್ಡವರು ಸುಮ್ಮನಾಗಿಸಿದರು. ಸ್ವರ್ಗಕ್ಕೆ ಹೋದವಳಿಗಾಗಿ ಕ್ರೈಸ್ತರು ಅಳುವುದು ಸರಿಯಲ್ಲ ಎಂಬುದು ಅವರ ನಂಬಿಕೆ. ಅಗಸ್ಟೀನ್ ಕಣ್ಣೀರನ್ನು ಒಳಕ್ಕೆ ಎಳೆದುಕೊಂಡ, ಬಂದವರ ಜೊತೆ ಧರ್ಮದ ವಿಷಯ ಮಾತಾಡಿದ, ಮಣ್ಣು ಮಾಡುವಾಗಲೂ ಅಳಲಿಲ್ಲ. ದುಃಖ ಇಳಿಯಲೆಂದು ಸ್ನಾನ ಮಾಡಿದ, ಇಳಿಯಲಿಲ್ಲ. ಮಲಗಿ ಎದ್ದ ಮೇಲೆ, ಯಾರೂ ಇಲ್ಲದಾಗ, ದೇವರ ಎದುರಿಗಷ್ಟೇ ಅತ್ತ. ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಇದನ್ನು ತನ್ನ ಆತ್ಮನಿವೇದನೆಯಲ್ಲಿ ಬರೆಯುವಾಗಲೂ, ತಾಯಿಗಾಗಿ ಒಂದಿಷ್ಟು ಹೊತ್ತು ಅತ್ತದ್ದಕ್ಕೆ ಓದುಗರು ನಗಬಾರದೆಂದು ಬೇಡಿಕೊಳ್ಳುತ್ತಾನೆ. ತಾಯಿ ಸತ್ತಾಗ ಅತ್ತದ್ದಕ್ಕೆ ಕ್ಷಮೆ ಕೇಳುವ ಸ್ಥಿತಿಗೆ ಅಷ್ಟು ದೊಡ್ಡ ಮನಸ್ಸೊಂದು ಬಂದು ನಿಂತದ್ದು ಓದುವವರನ್ನು ಇಂದಿಗೂ ಕಲಕುತ್ತದೆ. ಅವನ ದೇವರು ಅದನ್ನು ಕೇಳಿರಲಿಲ್ಲ. ಸುತ್ತ ನಿಂತವರ ಕಣ್ಣು ಕೇಳಿತ್ತು.

ನಮ್ಮ ಶಾಸ್ತ್ರಗಳಲ್ಲೂ ಹದ್ದಿನ ದನಿ ಜೋರಾಗಿದೆ. ಬಂಧುಗಳು ಸುರಿಸುವ ಕಣ್ಣೀರು, ಸಿಂಬಳಗಳನ್ನೇ ಪ್ರೇತ ಉಣ್ಣಬೇಕಾಗುತ್ತದೆ, ಆದ್ದರಿಂದ ಅಳದೆ ಶಕ್ತಿಯಿದ್ದಷ್ಟು ಕ್ರಿಯೆ ಮಾಡಿ ಎಂಬ ಅರ್ಥದ ಮಾತು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ಅಳುವವನ ಮೇಲೆ ಸತ್ತವರ ಹೊಟ್ಟೆಪಾಡನ್ನೂ ಹೊರಿಸುವ ಈ ಮಾತು ಕಠೋರವಾದದ್ದು. ಕಾಳಿದಾಸನಿಗೂ ಈ ವಿಚಾರ ಗೊತ್ತಿತ್ತು. ರಘುವಂಶದಲ್ಲಿ ಇಂದುಮತಿಯನ್ನು ಕಳೆದುಕೊಂಡ ಅಜನಿಗೆ ವಸಿಷ್ಠರು ಹೇಳಿಕಳಿಸುವ ಉಪದೇಶದಲ್ಲಿ ಇದೂ ಒಂದು. ಆದರೆ ಉಪದೇಶಕ್ಕೆ ಅಜನ ಎದೆಯಲ್ಲಿ ಜಾಗ ಸಿಗಲಿಲ್ಲ ಎಂದೇ ಕವಿ ಹೇಳುತ್ತಾನೆ. ಎಳೆಯ ದಶರಥ ಬೆಳೆಯುವ ತನಕ ಎಂಟು ವರ್ಷ ರಾಜ್ಯ ನೋಡಿಕೊಂಡು, ಆಮೇಲೆ ಅಜ ಪ್ರಾಣ ಬಿಟ್ಟ. ಅರಸನ ಕೆಲಸವನ್ನೂ ಮಾಡಿದ, ದುಃಖವನ್ನೂ ಬಿಡಲಿಲ್ಲ.

ಹಾಗೆಂದು ಸೂತಕ, ತಿಥಿ, ಹನ್ನೊಂದು, ಹದಿಮೂರು ಎಂಬ ಲೆಕ್ಕವೆಲ್ಲ ಬರಿಯ ಹೇರಿಕೆ ಎನ್ನಲಾಗದು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅಡುಗೆ ತಂದು ಬಡಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಬೀಗರು ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಉಣ್ಣದವರ ಎದುರು ಕೂತು ಉಣ್ಣಿಸಿ ಎಬ್ಬಿಸುತ್ತಾರೆ. ಹೆಂಗಸರು ಹೋದವರ ಗುಣಗಳನ್ನು ಹಾಡ್ಯಾಡಿಕೊಂಡು ಅಳುತ್ತಾರೆ. ಎದೆಯಲ್ಲಿ ಹೆಪ್ಪುಗಟ್ಟಿದ್ದಕ್ಕೆ ಆ ರಾಗ ದಾರಿ ಮಾಡಿಕೊಡುತ್ತದೆ. ಹಳೆ ಮೈಸೂರಿನ ಕಡೆ ಮೂರನೆಯ ದಿನ ಹಾಲುತುಪ್ಪ ಬಿಡುತ್ತಾರೆ. ಸಾವಿನ ಮನೆಯಿಂದ ಹೊರಡುವಾಗ "ಹೋಗಿ ಬರ್ತೀವಿ" ಎನ್ನುವುದಿಲ್ಲ. ಇವೆಲ್ಲ ಏನು ಮಾಡಬೇಕೆಂದು ತೋಚದ ಹೊತ್ತಿನಲ್ಲಿ ಕೈಗೊಂದು ಕೆಲಸ ಕೊಡುತ್ತವೆ. ಸೂತಕದ ಮನೆಯವರು ಹಬ್ಬಕ್ಕೆ ಬರಲಿಲ್ಲ, ಮದುವೆಗೆ ಬರಲಿಲ್ಲ ಎಂದು ಯಾರೂ ಆಕ್ಷೇಪಿಸುವುದಿಲ್ಲ. ಮೈಲಿಗೆ ಎಂಬ ಮಾತಿನ ಹಿಂದೆ ಮನುಷ್ಯನಿಗೆ ಕೆಲವು ದಿನ ಲೋಕದ ಬೇಡಿಕೆಯಿಂದ ಸಿಗುವ ಬಿಡುವು ಅಡಗಿದೆ.

ಆ ಮೈಲಿಗೆಯನ್ನೇ ಹನ್ನೆರಡನೆಯ ಶತಮಾನದ ಶರಣರು ನಿರಾಕರಿಸಿದರು. ಲಿಂಗ ಧರಿಸಿದವರಿಗೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದು ಸೂತಕಗಳೂ ಇಲ್ಲ ಎಂದರು. ಸಾವು ಲಿಂಗೈಕ್ಯ, ದೇಹವನ್ನು ಕೂರಿಸಿ ಅಲಂಕರಿಸಿ ಭಜನೆಯೊಂದಿಗೆ ಒಯ್ಯುವುದು ಆ ನಂಬಿಕೆಯ ರೂಪ. ಮುಟ್ಟುವ, ಮುಟ್ಟದ ಭೇದವನ್ನು ಸಾವಿನ ಬಾಗಿಲಲ್ಲಿ ಒಡೆದು ಹಾಕಿದ ಧೈರ್ಯ ಅದು. ಆದರೆ ಲಿಂಗಾಯತ ಮನೆಗಳಲ್ಲೂ ಬುತ್ತಿ ಬರುತ್ತದೆ, ದಿನಕರ್ಮ ನಡೆಯುತ್ತದೆ. ತತ್ವ ಸೂತಕವನ್ನು ಅಳಿಸಿದರೂ ಮನಸ್ಸಿಗೆ ಬೇಕಾದ ದಿನಗಳನ್ನು ಜನ ಹೇಗೋ ಉಳಿಸಿಕೊಂಡರು.

ಕೆಡುವುದು ಲೆಕ್ಕವೇ ದುಃಖಕ್ಕಿಂತ ದೊಡ್ಡದಾದಾಗ. ಮಂಡ್ಯದ ಹಳ್ಳಿಯೊಂದರಲ್ಲಿ ಅಲ್ಲಿನ ಜನರನ್ನೇ ಪಾತ್ರಗಳಾಗಿಸಿ ರಾಮ್ ರೆಡ್ಡಿ ಮಾಡಿದ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ 'ತಿಥಿ' ಚಿತ್ರದಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನಕ್ಕೆ ಊರಿಗೆಲ್ಲ ಊಟ ಹಾಕಬೇಕು, ಆಸ್ತಿಯ ಕಾಗದ ಆಗಬೇಕು, ಸಾಲ ಹುಟ್ಟಬೇಕು. ಇಷ್ಟರ ನಡುವೆ ಯಾರಿಗೂ ಅಳಲು ಹೊತ್ತಿಲ್ಲ. ಮಗ ಗಡ್ಡಪ್ಪ ತನ್ನ ಹಳೆಯ ನೋವನ್ನು ಬಾಯಿಬಿಟ್ಟು ಹೇಳುವುದು ಮನೆಯವರೆದುರಿಗೆ ಅಲ್ಲ, ಅಲೆಮಾರಿ ಕುರಿಗಾಹಿಗಳ ನಡುವೆ.

ಇನ್ನೂ ಕ್ರೂರವಾದದ್ದು ಮುಗಿಯದ ಲೆಕ್ಕ. ಎಂ.ಕೆ. ಇಂದಿರಾ 1976ರಲ್ಲಿ ಪ್ರಕಟಿಸಿದ 'ಫಣಿಯಮ್ಮ' ಕಾದಂಬರಿ ನಿಜವಾಗಿ ಬದುಕಿದ್ದ ಹೆಂಗಸೊಬ್ಬಳ ಕಥೆ; ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ. ಗಂಡನೆಂಬ ಹುಡುಗನನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ. ಅವಳಿಗೆ ಅಳು ಬರಲು ಕಾರಣವೇ ಇರಲಿಲ್ಲ, ಆದರೂ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಒಪ್ಪತ್ತು ಊಟಕ್ಕೆ ಇಳಿಸಿ ನೂರು ವರ್ಷ ದಾಟಿದ ಆಯುಸ್ಸಿನ ಉದ್ದಕ್ಕೂ ಶೋಕದ ವೇಷ ಹಾಕಿಸಲಾಯಿತು. ಅದೇ ಊರಿನ ಗಂಡಸು ಹೆಂಡತಿ ಸತ್ತರೆ ಮತ್ತೆ ಮದುವೆಯಾಗಲು ಶಾಸ್ತ್ರದ ಅಡ್ಡಿಯಿರಲಿಲ್ಲ. ನರಿಯ ಮಾತು ಇಡೀ ಜಾತಿಯ ಕಟ್ಟಳೆಯಾದಾಗ ಆಗುವುದು ಇದು. ಅದರ ಹಿಂದಿನ ಹಸಿವೂ ಗುಟ್ಟಿನದಲ್ಲ: ಆಸ್ತಿ, ಮನೆತನದ ಮಾನ, ಕೂಲಿ ಕೊಡದೆ ಸಿಗುವ ಎರಡು ಕೈ. ವಿಧವೆಯರು ಮರುಮದುವೆಯಾಗಲು 1856ರಲ್ಲೇ ಕಾನೂನು ಬಂದಿತ್ತು. ಅದು ಎಷ್ಟೋ ಮನೆಗಳ ಹೊಸ್ತಿಲು ದಾಟಲಿಲ್ಲ.

ಗಂಡಸಿಗೆ ಇದರ ತಿರುವುಮುರುವು. ಅವನು ಅಳಬಾರದು. ಬೇಂದ್ರೆಯವರು ಹೆತ್ತ ಮಕ್ಕಳಲ್ಲಿ ಹಲವರನ್ನು ಕಳೆದುಕೊಂಡವರು. ಅಂಥ ಒಂದು ಸಾವಿನ ಹೊತ್ತಿನಲ್ಲಿ ಹುಟ್ಟಿದ 'ನೀ ಹೀಂಗ ನೋಡಬ್ಯಾಡ ನನ್ನ' ಕನ್ನಡದ ಮನೆಮನೆಯ ಹಾಡಾಗಿದೆ. ಅಲ್ಲಿ ಗಂಡ ಹೆಂಡತಿಯ ಕಣ್ಣನ್ನು ಎದುರಿಸಲಾರ. ನಗುವಿನಲ್ಲಿ ದುಃಖ ಮರೆಸುವುದೇಕೆ, ಅತ್ತುಬಿಡು ಎಂದು ಅವಳಿಗೆ ಹೇಳುತ್ತಾನೆ. ಕನ್ನಡದ ಗಂಡಸೊಬ್ಬ ತನ್ನ ದುಃಖವನ್ನು ಇಷ್ಟು ಬಿಚ್ಚಿ ತೋರಿದ್ದು ಹಾಡಿನ ಒಳಗೆ. ಊರ ಕಟ್ಟೆಯ ಮೇಲೆ ಅವನಿಗೆ ಆ ಅವಕಾಶ ಇಲ್ಲ.

ಈಗ ಲೆಕ್ಕ ಹಾಕುವವರು ಬದಲಾಗಿದ್ದಾರೆ. ಪುರೋಹಿತರ ಪಂಚಾಂಗದ ಜಾಗಕ್ಕೆ ಕಚೇರಿಯ ರಜಾ ಪಟ್ಟಿ ಬಂದಿದೆ. ಬ್ರಿಟನ್ ಏಪ್ರಿಲ್ 2020ರಿಂದ ಹದಿನೆಂಟು ತುಂಬದ ಮಗುವನ್ನು ಕಳೆದುಕೊಂಡ ಉದ್ಯೋಗಸ್ಥ ತಂದೆತಾಯಿಗೆ ಎರಡು ವಾರದ ರಜೆಯನ್ನು ಹಕ್ಕಾಗಿ ಕೊಟ್ಟಿದೆ. ಭಾರತದಲ್ಲಿ ಖಾಸಗಿ ನೌಕರರಿಗೆ ಸಾವಿನ ರಜೆಯನ್ನು ಪ್ರತ್ಯೇಕ ಹಕ್ಕಾಗಿ ಕೊಡುವ ಕೇಂದ್ರ ಕಾನೂನು ಇಲ್ಲ. ಕಂಪನಿ ಕೊಟ್ಟರೆ ಉಂಟು. ಹನ್ನೊಂದು ದಿನದ ಕ್ರಿಯೆ ಮಾಡಬೇಕಾದ ಮಗ ಮೂರು ದಿನದ ರಜೆಯಲ್ಲಿ ಬಂದಿದ್ದರೆ, ಉಳಿದ ಎಂಟು ದಿನ ಗಳಿಕೆ ರಜೆಯಲ್ಲಿ ಕಳೆಯಬೇಕು ಅಥವಾ ಸಂಬಳದಲ್ಲಿ. ದಿನಗೂಲಿಯವರಿಗೆ ಆ ಆಯ್ಕೆಯೂ ಇಲ್ಲ.

ವೈದ್ಯಶಾಸ್ತ್ರವೂ ದಿನ ಎಣಿಸಿದೆ. ಅಮೆರಿಕದ ಮನೋವೈದ್ಯರ ಕೈಪಿಡಿ 1994ರ ಆವೃತ್ತಿಯಲ್ಲಿ, ಸಾವಿನ ನಂತರದ ಎರಡು ತಿಂಗಳಲ್ಲಿ ಕಾಣುವ ಖಿನ್ನತೆಯ ಲಕ್ಷಣಗಳನ್ನು ಸಾಮಾನ್ಯವಾಗಿ ಕಾಯಿಲೆ ಎನ್ನಬಾರದೆಂದು ವಿನಾಯಿತಿ ಇಟ್ಟಿತ್ತು. 2013ರಲ್ಲಿ ಆ ವಿನಾಯಿತಿ ಹೋಯಿತು. 2022ರಲ್ಲಿ, ವಯಸ್ಕರಲ್ಲಿ ವರ್ಷ ಕಳೆದರೂ ದಿನನಿತ್ಯದ ಬದುಕನ್ನೇ ನಿಲ್ಲಿಸುವಷ್ಟು ತೀವ್ರವಾಗಿ ಉಳಿದ ಶೋಕಕ್ಕೆ ಕಾಯಿಲೆಯ ಹೆಸರು ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದೇ ಗಡಿ ಆರು ತಿಂಗಳು. ಹಾಸಿಗೆಯಿಂದ ಏಳಲಾರದ ತಾಯಿಗೆ ಚಿಕಿತ್ಸೆ ಸಿಗಲು ಈ ಹೆಸರು ನೆರವಾದರೆ ಅದು ಒಳ್ಳೆಯದೇ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಎರಡು ದೊಡ್ಡ ಸಂಸ್ಥೆಗಳ ಗಡಿಗಳ ನಡುವೆಯೇ ಆರು ತಿಂಗಳ ಅಂತರವಿದೆ. ಪ್ರಕೃತಿಯಲ್ಲಿ ಆ ಗೆರೆ ಇಲ್ಲ. ಮನುಷ್ಯರು ಕೂತು ಎಳೆದ ಗೆರೆ ಅದು.

ಫ್ರಾಯ್ಡ್‌ನ ಬದುಕೇ ಇದಕ್ಕೆ ಸಾಕ್ಷಿ. ಶೋಕ ಒಂದು ಕೆಲಸ, ಅದು ಮುಗಿದ ಮೇಲೆ ಮನಸ್ಸು ಸತ್ತವರಿಂದ ಬಿಡಿಸಿಕೊಂಡು ಮುಕ್ತವಾಗುತ್ತದೆ ಎಂದು 1917ರ ಪ್ರಬಂಧದಲ್ಲಿ ಅವನು ಬರೆದ. 1920ರ ಜನವರಿಯಲ್ಲಿ ಅವನ ಮಗಳು ಸೋಫಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡಳು. 1929ರಲ್ಲಿ, ಬದುಕಿದ್ದರೆ ಅವಳಿಗೆ 36 ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡ ಗೆಳೆಯ ಬಿನ್ಸ್‌ವಾಂಗರ್‌ಗೆ ಒಂದು ಪತ್ರ ಬರೆದ. ಆ ಜಾಗ ಎಂದೂ ತುಂಬುವುದಿಲ್ಲ, ತುಂಬಿದರೂ ಅದು ಬೇರೆಯೇ ಆಗಿರುತ್ತದೆ, ಹಾಗಿರುವುದೇ ಸರಿ, ಬಿಟ್ಟುಕೊಡಲು ಇಷ್ಟವಿಲ್ಲದ ಪ್ರೀತಿಯನ್ನು ಉಳಿಸಿಕೊಳ್ಳುವ ದಾರಿ ಅದೊಂದೇ ಎಂಬುದು ಅದರ ಸಾರ. ಸಿದ್ಧಾಂತ ಬರೆದಾಗ ಅವನು ವೈದ್ಯ; ಪತ್ರ ಬರೆದಾಗ ತಂದೆ. ಎರಡನೆಯದನ್ನು ಮೊದಲನೆಯದರ ಸೋಲು ಎಂದು ಓದುವವರಿದ್ದಾರೆ. ಅದು ತಿದ್ದುಪಡಿ. ಯಾನ್ ಹ್ವೇಗಾಗಿ ಅತ್ತ ಗುರು, ಇಬ್ರಾಹೀಮನಿಗಾಗಿ ಅತ್ತ ಪ್ರವಾದಿ, ಆಸ್ಟುರಾದ ಕಾಡು ಹೊಕ್ಕ ಸಿಸೆರೊ, ಗಂಗೆಯ ದಡದಲ್ಲಿ ಬಿದ್ದ ಯುಧಿಷ್ಠಿರ ಇವರೆಲ್ಲ ತತ್ವಜ್ಞಾನವನ್ನು ಕೈಬಿಟ್ಟವರಲ್ಲ. ತತ್ವಜ್ಞಾನ ತನ್ನ ಬಗ್ಗೆ ತಿಳಿಯಬೇಕಾದ ಸಂಗತಿಯೊಂದನ್ನು ಅವರ ಕಣ್ಣೀರು ಅದಕ್ಕೆ ತೋರಿಸಿತು.

ಲೆಕ್ಕವೂ ಇಲ್ಲದ, ಕ್ರಿಯೆಯೂ ಇಲ್ಲದ ಶೋಕ ಹೇಗಿರುತ್ತದೆ ಎಂಬುದನ್ನು 2020 ಮತ್ತು 2021ರ ಕೊರೊನಾ ಕಾಲ ತೋರಿಸಿತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ದೇಹ, ದೂರದಲ್ಲಿ ನಿಂತ ಬೆರಳೆಣಿಕೆಯ ಜನ, ಮುಟ್ಟಲು ಸಿಗದ ಮುಖ. ಬುತ್ತಿ ತರುವವರಿಲ್ಲ, ಹೆಗಲು ಕೊಡುವವರಿಲ್ಲ. ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಂದು ಒಯ್ಯದ ಅಸ್ಥಿಯ ಮಡಕೆಗಳು ಉಳಿದವು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರವೇ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಅಂದಿನ ಕಂದಾಯ ಸಚಿವರು ನೀರಿಗಿಳಿದು ಕ್ರಿಯೆ ನಡೆಸಿದರು. ಅದೇ ವರ್ಷ ಪಿತೃಪಕ್ಷದಲ್ಲಿ ಶ್ರೀರಂಗಪಟ್ಟಣದಲ್ಲಿ ಪಿಂಡಪ್ರದಾನವೂ ಆಯಿತು. ಯಾರದೋ ಅಪ್ಪ, ಯಾರದೋ ತಂಗಿಗೆ ಸರ್ಕಾರ ಮಗನ ಸ್ಥಾನದಲ್ಲಿ ನಿಂತಿತು. ಬಂಧುಗಳು ಬರಲಿಲ್ಲ ಎಂದು ಅವರನ್ನು ದೂರಿದವರು ಆಗ ಬಹಳ. ಕೆಲವರು ತಾವೇ ಆಸ್ಪತ್ರೆಯಲ್ಲಿದ್ದರು, ಕೆಲವರು ಊರು ತಲುಪಲಾಗಲಿಲ್ಲ, ಕೆಲವರು ಹೆದರಿದ್ದರು. ಹೆದರಿಕೆಯೂ ಒಂದು ಭಾವನೆಯೇ. ಅದಕ್ಕೂ ಕರುಣೆ ಸಲ್ಲಬೇಕು.

ಬೇಡಿಕೆಯನ್ನು ಸಮಾಜ ಹಿಂತೆಗೆದುಕೊಳ್ಳಲಾರದು ಎಂದೇನಿಲ್ಲ. 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಾಲಯದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕಿಯರಾಗಿ ನೇಮಿಸಲಾಯಿತು. ಮಂಗಳಕಾರ್ಯಕ್ಕೆ ಎದುರು ಬರಬಾರದೆಂದು ದೂರವಿಟ್ಟವರ ಕೈಯಿಂದಲೇ ಜನ ಪ್ರಸಾದ ತೆಗೆದುಕೊಂಡರು. 2022ರ ಮೇ 4ರಂದು, ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮಸಭೆ ಒಂದು ನಿರ್ಣಯ ಮಾಡಿತು. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಕೀಳುವುದು ಇನ್ನು ಮುಂದೆ ಆ ಊರಿನಲ್ಲಿ ಕೂಡದು. ಶಾಹು ಮಹಾರಾಜರು ತೀರಿಕೊಂಡು ನೂರು ವರ್ಷ ತುಂಬುವ ಹೊತ್ತು ಅದು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ ಉಳಿದ ಗ್ರಾಮ ಪಂಚಾಯಿತಿಗಳೂ ಈ ದಾರಿ ಹಿಡಿಯಲೆಂದು ಸುತ್ತೋಲೆ ಹೊರಡಿಸಿತು.

ಹೇರವಾಡ ಅಳಬೇಡ ಎನ್ನಲಿಲ್ಲ, ಇಷ್ಟು ದಿನ ಅಳು ಎಂದೂ ಹೇಳಲಿಲ್ಲ; ದುಃಖದಲ್ಲಿರುವವಳ ಮೈಮುಟ್ಟುವ ಕೈಗಳನ್ನಷ್ಟೇ ತಡೆಯಿತು. ಸ್ಮಶಾನದಿಂದ ಮರಳಿದ ಮೇಲಿನ ವರ್ಷಗಳ ಮಾತು ಆ ನಿರ್ಣಯದ ಕೈಗೆ ಸಿಗುವಂಥದ್ದಲ್ಲ. ಪಕ್ಕದ ಮನೆಯ ಸೀಮಂತಕ್ಕೆ ಅವಳನ್ನು ಕರೆಯಬೇಕೆ, ಶ್ರಾವಣದ ಶುಕ್ರವಾರ ಅರಿಶಿನ ಕುಂಕುಮಕ್ಕೆ ಅವಳ ಬಾಗಿಲಿಗೂ ಹೋಗಬೇಕೆ, ಮಗಳ ಮದುವೆಯಲ್ಲಿ ಧಾರೆಗೆ ಅವಳೇ ನಿಲ್ಲಬಹುದೆ ಎಂಬುದನ್ನು ಹೇರವಾಡದಲ್ಲೂ, ಗಡಿಯ ಈಚೆಗೂ, ಒಂದೊಂದು ಮನೆಯ ಹೆಂಗಸರು ಗಂಡಸರು ಕೂತು ತೀರ್ಮಾನಿಸಬೇಕಾಗಿದೆ.